ಚಾದರದ ಆ ತುದಿ

ಮಾರ್ಚ್ ೨, ಭಾನುವಾರ

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ತೂಕಡಿಸುತ್ತಿರುವ ಮಹನೀಯರೇ, ಹಿಂದಿನ ಸಾಲಿನಲ್ಲಿ ಕೂತು ನನ್ನ ಬಗ್ಗೆಯೇ ಪಿಸುಗುಟ್ಟುತ್ತಿರುವ ಮಹಿಳೆಯರೇ,

ಅಧ್ಯಕ್ಷಸ್ಥಾನದಲ್ಲಿ ನನ್ನ ಕೋಣೆಯ ಕಪಾಟು ಇದೆ. ಅದರ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಸದಾ ಬಾಯಿ ತೆರೆದುಕೊಂಡೇ ಇರುತ್ತದೆ. ಅಧ್ಯಕ್ಷರಾಗಲು ಅಷ್ಟು ಅರ್ಹತೆ ಸಾಕು. ಗಣ್ಯರ ಪೈಕಿ ಮೇಜಿನ ದೀಪವೂ ನಿಂತುಹೋದ ಗಡಿಯಾರವೂ ಬಂದಿವೆ. ವಂದನಾರ್ಪಣೆಗೆ ಯಾರೂ ಸಿಕ್ಕಿಲ್ಲ.

ಇಂದಿನ ಉಪನ್ಯಾಸದ ವಿಷಯ: ಎದೆ ಒಡೆಯುವುದು ಎಂದರೇನು? ಉಪನ್ಯಾಸಕಿ ನಾನೇ. ವಯಸ್ಸು ನಲವತ್ತೈದು. ಕನ್ನಡ ಮಾಧ್ಯಮದಲ್ಲಿ ಓದಿದ ಬಿ.ಎ. ಪದವೀಧರೆ. ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ, ಒಗೆದು ಒಣಗಿ ಬಂದ ಬಟ್ಟೆ ಮಡಚುವುದು ಉದ್ಯೋಗ. ಅಲ್ಲಿ ನನ್ನನ್ನು ಎಲ್ಲರೂ ಕರೆಯುವುದು 'ಬಿ.ಎ.' ಎಂದೇ. ಪದವಿಯಿಂದ ಬಂದ ಲಾಭ ಅಷ್ಟು.

ಡಬಲ್ ಚಾದರ ಮಡಚಲು ಇಬ್ಬರು ಬೇಕು. ಈ ತುದಿ ನಾನು ಹಿಡಿಯುತ್ತಿದ್ದೆ. ಆ ತುದಿಯನ್ನು ಒಬ್ಬ ಹಿಡಿಯುತ್ತಿದ್ದ. ಐದು ವರ್ಷ ಹಿಡಿದ. ಮೊದಲು ಚಾದರ, ಆಮೇಲೆ ಬಸ್ಸಿನಲ್ಲಿ ನನಗೊಂದು ಸೀಟು, ಆಮೇಲೆ ಕೈ. ಅವನ ಹೆಸರನ್ನು ಈ ಸಭೆಯಲ್ಲಿ ಎತ್ತುವುದಿಲ್ಲ. 'ಆ ತುದಿ' ಎಂದರೆ ಸಾಕು. ಬೇಸಿಗೆ ಕಳೆದ ಮೇಲೆ ಮದುವೆಯಾಗಿ ಬೇರೆ ಮನೆ ಮಾಡೋಣ ಎಂದು ಮಾತಾಗಿತ್ತು. ಅಮ್ಮನಿಗೂ ಗೊತ್ತಿತ್ತು.

ನಿನ್ನೆ ಮಧ್ಯಾಹ್ನ, ಚಾದರ ಹಿಡಿದುಕೊಂಡೇ ಹೇಳಿದ:

"ಪಕ್ಕದೂರಲ್ಲಿ ನಮ್ಮದೇ ಇನ್ನೊಂದು ಹೋಟೆಲಿದೆಯಲ್ಲ, ಅಲ್ಲಿಗೆ ವರ್ಗ ಕೇಳಿದ್ದೆ. ಆಯ್ತು. ಸೋಮವಾರದಿಂದ ಅಲ್ಲೇ."

"ಒಬ್ಬನೇನಾ?"

"ಇಲ್ಲ. ಒಬ್ಬನೇ ಅಲ್ಲ."

ಸ್ವಾಗತದ ಕೌಂಟರಿನವಳು ಜೊತೆಗೆ ಹೋಗುತ್ತಿದ್ದಾಳಂತೆ. ನಗುವುದಕ್ಕೇ ಸಂಬಳ ತೆಗೆದುಕೊಳ್ಳುವವಳು. ನಗು ಚೆನ್ನಾಗಿದೆ, ಇಲ್ಲ ಎನ್ನುವುದಿಲ್ಲ.

ಸಭಿಕರೇ, ಆಗ ನಾನೇನು ಮಾಡಿದೆ? ತಲೆ ಎತ್ತಿಕೊಂಡು ಅವನ ಹತ್ತಿರ ನಡೆದೆ. ಅವನ ಕೈಯಿಂದ ಎರಡೂ ಮೂಲೆ ತೆಗೆದುಕೊಂಡೆ. ಮಡಚಿ ರಾಶಿಯ ಮೇಲಿಟ್ಟು, "ಮುಂದಿನದು" ಎಂದೆ. ಅಷ್ಟೇ. (ಚಪ್ಪಾಳೆ.)

ಇದ್ದರೆ ಇರಲಿ, ಹೋದರೆ ಹೋಗಲಿ,
ಒದ್ದೆ ಚಾದರ ಮಾತ್ರ ಬೇಗ ಒಣಗಲಿ.

ಮಾರ್ಚ್ ೩, ಸೋಮವಾರ

ಇಂದು ಒಬ್ಬಳೇ ಮಡಚಿದೆ. ಆಸಕ್ತರು ಬರೆದುಕೊಳ್ಳಬಹುದು: ಚಾದರದ ಎರಡು ಮೂಲೆಗಳನ್ನು ಕಬ್ಬಿಣದ ಕಪಾಟಿನ ಅಂಚಿಗೆ ಬಟ್ಟೆ ಕ್ಲಿಪ್ಪಿನಿಂದ ಸಿಕ್ಕಿಸಬೇಕು. ಉಳಿದೆರಡು ಮೂಲೆ ಹಿಡಿದು ಹಿಂದಕ್ಕೆ ಹೋಗಬೇಕು. ಅರ್ಧ ಮಾಡಿದ ಮೇಲೆ ನಡುವನ್ನು ಗದ್ದದಡಿ ಒತ್ತಿಕೊಂಡು ಮುಂದೆ ಬರಬೇಕು. ಕ್ಲಿಪ್ಪು ಎದುರು ಮಾತಾಡುವುದಿಲ್ಲ, ವರ್ಗ ಕೇಳುವುದಿಲ್ಲ. ಗದ್ದ ಸ್ವಲ್ಪ ಕೆಂಪಾಗಿದೆ. ಅಭಿಮಾನಕ್ಕೆ ಕಟ್ಟುವ ಸುಂಕ ಎಂದು ತಿಳಿದಿದ್ದೇನೆ.

ಇಸ್ತ್ರಿ ಮಾಡುವ ಅಣ್ಣಂದಿರು, ಲಿಫ್ಟಿನವನು, ಮೂರನೇ ಮಹಡಿ ಗುಡಿಸುವವಳು, ಒಬ್ಬರಾದ ಮೇಲೊಬ್ಬರು ಬಂದು, "ಆ ತುದಿ ಹಿಡ್ಕೊಳ್ಲಾ?" ಎಂದು ಕೇಳಿದರು. ಲೋಕದ ಕರುಣೆಯೆಲ್ಲ ಮೆಟ್ಟಿಲಿಳಿದು ನಮ್ಮ ನೆಲಮಾಳಿಗೆಗೇ ಬಂದಂತಿತ್ತು. ಏಕೆ ಬಂದರೋ ತಿಳಿಯದು.

"ಬೇಡ. ಕ್ಲಿಪ್ಪಿದೆ" ಎಂದೆ.

ಮಾರ್ಚ್ ೮, ಶನಿವಾರ

ಅಮ್ಮ ಬೆಳಗಿನಿಂದ ನನ್ನ ಹಿಂದೆಯೇ ಓಡಾಡುತ್ತಿದ್ದಳು.

"ಅತ್ತುಬಿಡೇ ಒಂದ್ಸಲ. ಒಳಗೇ ಇಟ್ಕೊಂಡ್ರೆ ಒಡೆದುಹೋಗುತ್ತೆ."

"ನಾನೇನು ಹಾಲೇನಮ್ಮ?"

"ನೀನು ಹಾಲಲ್ಲ ಕಣೇ, ಪಾತ್ರೆ. ಸುಟ್ಟರೂ ಸದ್ದು ಮಾಡಲ್ಲ."

ನನ್ನ ಮಾತು ಜೋಡಿಸುವ ಹುಚ್ಚು ಯಾರಿಂದ ಬಂತೆಂದು ಈಗ ಗೊತ್ತಾಯಿತು. ಆದರೆ ಅಮ್ಮ ಅದನ್ನು ಚಾಕುವಿನಂತೆ ಬಳಸುತ್ತಾಳೆ.

ಕಪಾಟಿನ ಕೆಳಗಿನ ಅರೆಯಲ್ಲಿ, ಬೇರೆ ಮನೆಗೆಂದು ತಂದಿದ್ದ ಡಬಲ್ ಚಾದರ ಇದೆ. ತಿಳಿನೀಲಿ. ಕವರನ್ನು ಇನ್ನೂ ಒಡೆದಿಲ್ಲ. "ಅದನ್ನ ಏನ್ ಮಾಡ್ತೀಯ?" ಎಂದಳು. "ದಿಂಬಿನ ಕವರು ಹೊಲೀಲಾ? ಎಂಟಾದ್ರೂ ಬರುತ್ತೆ."

"ಅಧ್ಯಕ್ಷರ ಹೊಟ್ಟೆಗೆ ಕೈ ಹಾಕಬೇಡ" ಎಂದೆ. ಅಮ್ಮನಿಗೆ ಅರ್ಥವಾಗಲಿಲ್ಲ. ಒಳ್ಳೆಯದೇ ಆಯಿತು.

ಮಾರ್ಚ್ ೧೩, ಗುರುವಾರ

ಮ್ಯಾನೇಜರು ಬಂದು ನನ್ನ ಕ್ಲಿಪ್ಪು-ಗದ್ದ ಪದ್ಧತಿಯನ್ನು ನೋಡುತ್ತ ನಿಂತರು. ನಾನು ಮೂರು ಚಾದರ ಮಡಚುವಷ್ಟರಲ್ಲಿ ಅವರಿಗೆ ಎರಡು ಆಕಳಿಕೆ ಬಂದವು. ಮಧ್ಯಾಹ್ನ ನನಗೊಬ್ಬ ಜೊತೆಗಾತಿಯನ್ನು ಕಳಿಸಿಯೇಬಿಟ್ಟರು: ಪಾತ್ರೆ ಅಕ್ಕ.

ಪಾತ್ರೆ ಅಕ್ಕ ಇಷ್ಟು ವರ್ಷ ಮೇಲೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವರು. ಅಲ್ಲಿಗೆ ಯಂತ್ರ ಬಂತು, ಇವರು ಕೆಳಗಿಳಿದು ಬಂದರು. ನನಗಿಂತ ಹತ್ತು ವರ್ಷ ದೊಡ್ಡವರು, ಒಂದು ಅಡಿ ಕುಳ್ಳಗೆ. ಬಂದವರೇ ಕ್ಲಿಪ್ಪನ್ನು ಕಿತ್ತು ಕೈಯಲ್ಲಿ ಹಿಡಿದು ನೋಡಿದರು.

"ಏನು ತಾಯಿ ಬಿ.ಎ., ಇದನ್ನೇ ಮದುವೆ ಆಗೋ ಯೋಚನೇನಾ?"

"ಅದು ಒಪ್ಪಿದ್ರೆ ಆಗ್ತೀನಿ ಅಕ್ಕ."

"ಒಪ್ಪದೆ ಏನು, ಹಲ್ಲು ಕಿರಿದುಕೊಂಡೇ ಇದೆ."

ಚಾದರ ಹಿಡಿದೆವು. ಎದುರುಬದುರು ನಿಂತವರು ಕೈಗೊಂದು ಮೂಲೆ ಹಿಡಿದು, ಒಂದು ಕೈಯನ್ನು ಇನ್ನೊಂದರ ಮೇಲೆ ತರಬೇಕು; ಅದು ಮೊದಲ ಮಡಿಕೆ. ನಾನು ಬಲಗೈ ತಂದೆ. ಅವರೂ ಬಲಗೈ ತಂದರು. ಚಾದರ ನಡುವಿನಲ್ಲಿ ತಿರುಚಿಕೊಂಡು ಹಗ್ಗವಾಯಿತು. ಮತ್ತೆ ಬಿಡಿಸಿದೆವು. ಮತ್ತೆ ಹಗ್ಗ. ಸಂಜೆಯವರೆಗೆ ನಾವು ಮಡಚಿದ್ದಕ್ಕಿಂತ ಹಿಂಡಿದ್ದೇ ಹೆಚ್ಚು. ಒಗೆಯುವ ಯಂತ್ರಕ್ಕೆ ಹೊಟ್ಟೆಕಿಚ್ಚಾಗಿರಬೇಕು.

ಮಾರ್ಚ್ ೧೪, ಶುಕ್ರವಾರ

ಬಸ್ಸಿನಲ್ಲಿ ಕೂತಿದ್ದಾಗ ಗುಟ್ಟು ಹೊಳೆಯಿತು. ಆ ತುದಿ ಎಡಚ. ನಾನು ಬಲಗೈ ತಂದರೆ ಅವನು ಎಡಗೈ ತರುತ್ತಿದ್ದ. ಕನ್ನಡಿಯ ಮುಂದೆ ನಿಂತಂತೆ. ಐದು ವರ್ಷದಲ್ಲಿ ಒಂದು ಸಲವೂ "ಯಾವ ಕೈ?" ಎಂದು ಒಬ್ಬರನ್ನೊಬ್ಬರು ಕೇಳಿದ್ದಿಲ್ಲ. ಮಾತೇ ಬೇಕಾಗಿರಲಿಲ್ಲ. ಅದಕ್ಕೆ ನಾನು ದೊಡ್ಡ ದೊಡ್ಡ ಹೆಸರುಗಳನ್ನು ಇಟ್ಟಿದ್ದೆ: ಹೊಂದಾಣಿಕೆ, ಋಣಾನುಬಂಧ, ಹುಟ್ಟಿಗೆ ಮೊದಲೇ ಬರೆದದ್ದು.

ಬರೆದದ್ದೂ ಇಲ್ಲ, ಗಿರೆದದ್ದೂ ಇಲ್ಲ. ಅವನು ಎಡಚ, ನಾನು ಬಲಚೆ. ಅಷ್ಟೇ ಸಂಗತಿ.

ವಿಷಯ ಸ್ಪಷ್ಟವಾದ ಮೇಲೆ ದುಃಖಕ್ಕೆ ಜಾಗವೆಲ್ಲಿ? ಪಾತ್ರೆ ಅಕ್ಕನಿಗೆ ಹೇಳಿದೆ: "ನೀವು ಎಡಗೈ ತನ್ನಿ, ಸರಿಹೋಗುತ್ತೆ."

"ನೀನೇ ತಾರಮ್ಮ."

"ನಾನು ಇಲ್ಲಿ ಹನ್ನೆರಡು ವರ್ಷದಿಂದ ಇದ್ದೀನಿ."

"ನನ್ನ ಎಡಗೈ ಐವತ್ತೈದು ವರ್ಷದಿಂದ ಸುಮ್ನೆ ಇದೆ. ಪಾಪ, ಈ ವಯಸ್ಸಲ್ಲಿ ಅದನ್ನ ಎಬ್ಬಿಸಬೇಡ."

ಮಾರ್ಚ್ ೧೯, ಬುಧವಾರ

ಜಗಳವಾಯಿತು. ಬರೆಯುವಂಥದ್ದೇನಲ್ಲ, ಆದರೂ ಸಭೆಗೆ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಮಡಿಕೆ ಮುಗಿಸುವಾಗ ಒಬ್ಬರು ತಮ್ಮ ಮೂಲೆಗಳನ್ನು ಇನ್ನೊಬ್ಬರ ಕೈಗೆ ಕೊಟ್ಟು, ಕೆಳಗೆ ಜೋತುಬಿದ್ದ ಮಡಿಕೆಯನ್ನು ಎತ್ತಿಕೊಳ್ಳಬೇಕು. ನಾನು ಕೊಡುವುದು ನಿಧಾನವಂತೆ. "ಅಷ್ಟು ಬಿಗಿಯಾಗಿ ಯಾಕೆ ಹಿಡೀತೀಯ? ಬಟ್ಟೆ ಎಲ್ಲೂ ಓಡಿಹೋಗಲ್ಲ. ಬೆರಳು ಬಿಡು" ಎನ್ನುತ್ತ ಪಾತ್ರೆ ಅಕ್ಕ ನನ್ನ ಕಿರುಬೆರಳನ್ನು ಎತ್ತಿದರು.

"ನನ್ನ ಬೆರಳು ಮುಟ್ಟಬೇಡಿ!"

ಇಸ್ತ್ರಿಯ ಅಣ್ಣಂದಿರು ತಿರುಗಿ ನೋಡುವಷ್ಟು ಜೋರಾಯಿತು. ಪಾತ್ರೆ ಅಕ್ಕ ಬೈಯಲಿಲ್ಲ. ಅದೇ ತಪ್ಪಾಯಿತು, ಬೈದಿದ್ದರೆ ನನಗೂ ಬೈಯಲು ಅನುಕೂಲವಾಗುತ್ತಿತ್ತು. ಸೀದಾ ಹೋಗಿ ಎರಡು ಲೋಟ ಚಹಾ ತಂದು, ಒಂದನ್ನು ನನ್ನ ಹತ್ತಿರದ ಸ್ಟೂಲಿನ ಮೇಲಿಟ್ಟು, ತಮ್ಮ ಪಾಡಿಗೆ ಟವೆಲು ಮಡಚತೊಡಗಿದರು.

ಈ ಘಟನೆಯ ಬಗ್ಗೆ ಸಭಿಕರ ಪ್ರಶ್ನೆಗಳಿಗೆ ಅವಕಾಶವಿಲ್ಲ.

ಮಾರ್ಚ್ ೨೦, ಗುರುವಾರ

ಕಣ್ಣಿಗೆ ಸೋಪಿನ ಪುಡಿ ಬಿತ್ತು. ಬಹಳ ಹೊತ್ತು ಹೋಗಲಿಲ್ಲ.

ಮಾರ್ಚ್ ೨೭, ಗುರುವಾರ

ಮುಂದಿನ ತಿಂಗಳು ನಮ್ಮ ಹೋಟೆಲಿನಲ್ಲಿ ವೈದ್ಯರ ಸಮ್ಮೇಳನ. ಎಲ್ಲ ಕೋಣೆಗಳೂ ಭರ್ತಿ. ಸಭಾಂಗಣದ ಉದ್ದ ಮೇಜುಗಳಿಗೆ ಹಾಕುವ ಬಟ್ಟೆ ಒಂದೊಂದೂ ನಮ್ಮ ನೆಲಮಾಳಿಗೆಯ ಈ ಗೋಡೆಯಿಂದ ಆ ಗೋಡೆಗೆ ಮುಟ್ಟುತ್ತದೆ. ಅದಕ್ಕೆ ಕ್ಲಿಪ್ಪೂ ಸಾಲದು, ಗದ್ದವೂ ಸಾಲದು.

ಮ್ಯಾನೇಜರು ಇಬ್ಬರನ್ನೂ ಕರೆದರು.

"ನೋಡಿ ಬಿ.ಎ., ಏಪ್ರಿಲ್ ಮಧ್ಯದೊಳಗೆ ನೀವಿಬ್ಬರೂ ಜೋಡಿಯಾಗಿ ಕೆಲಸ ಮಾಡ್ಬೇಕು. ಆಗಲ್ಲಾಂದ್ರೆ ಕೆಳಗೆ ಬೇರೆ ಜೋಡಿ ಹಾಕ್ತೀನಿ. ನಿಮಗೇನೂ ಕೆಲಸ ಹೋಗಲ್ಲ, ಹೆದರಬೇಡಿ. ಮೇಲೆ ಸ್ವಾಗತದ ಕೌಂಟರಿನಲ್ಲಿ ಜಾಗ ಖಾಲಿ ಇದೆ. ಓದಿದವರು ನೀವು, ಅಲ್ಲೇ ಕೂತ್ಕೊಳ್ಳಿ."

ಅವಳ ಕುರ್ಚಿ! ಅವಳು ಎದ್ದುಹೋದ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ ಹಲ್ಲು ಕಾಣಿಸುತ್ತ, "ಸುಸ್ವಾಗತ" ಎನ್ನಬೇಕು, ನಾನು! ಈ ನೆಲಮಾಳಿಗೆಯ ಬಿಸಿ ಬಟ್ಟೆಯ ವಾಸನೆ, ಗೋಡೆಯವರೆಗೆ ಪೇರಿಸಿದ ನನ್ನ ರಾಶಿಗಳು, ಒಂದೇ ಒಂದು ಅಂಚು ಹೊರಗೆ ಇಣುಕದ ನನ್ನ ಕಪಾಟುಗಳು, ಇವನ್ನೆಲ್ಲ ಬಿಟ್ಟು!

ಮೆಟ್ಟಿಲಿಳಿಯುವಾಗ ಪಾತ್ರೆ ಅಕ್ಕ ಕೇಳಿದರು: "ಒಂದ್ಸಲ ನಕ್ಕು ತೋರಿಸು, ನೋಡೋಣ."

ತೋರಿಸಿದೆ.

"ಬೇಡಮ್ಮ. ಬಂದೋರು ವಾಪಸ್ ಹೋಗ್ತಾರೆ. ನೀನು ಎಡಗೈ ಕಲಿಯೋದೇ ವಾಸಿ."

ಮಾರ್ಚ್ ೨೮, ಶುಕ್ರವಾರ

ಕಲಿಯುತ್ತಿದ್ದೇನೆ. ಯಾರಿಗೂ ಸೋತು ಅಲ್ಲ. ಹಿರಿಯರ ಕೈಗೆ ಗೌರವ ಕೊಟ್ಟು.

ತುದಿ ಹೋದರೇನಂತೆ, ನಡುವಿದೆಯಲ್ಲ,
ಎದೆ ಹೋದರೇನಂತೆ, ಎಡಗೈ ಇದೆಯಲ್ಲ.

ಏಪ್ರಿಲ್ ೨, ಬುಧವಾರ

ಎಡಗೈ ಎಂಬುದು ದಡ್ಡ ವಿದ್ಯಾರ್ಥಿ. ಹೇಳಿದ್ದನ್ನು ಕೇಳುತ್ತದೆ, ತಲೆಯಾಡಿಸುತ್ತದೆ, ಪರೀಕ್ಷೆಯ ಹೊತ್ತಿಗೆ ಬಲಗೈಯನ್ನು ನೋಡಿ ನಕಲು ಮಾಡುತ್ತದೆ.

ಪಾತ್ರೆ ಅಕ್ಕ ಒಂದು ಉಪಾಯ ಹೂಡಿದರು. ನನ್ನ ಬಲಗೈಗೆ ಮೂಲೆಯನ್ನು ಹಿಡಿಸಿ, "ಇದು ಗಂಡನ ಮನೆ ಅಂದ್ಕೋ. ಏನೇ ಆದ್ರೂ ಅಲ್ಲಾಡಬೇಡ. ಎಡಗೈನೇ ಬರಲಿ ಹತ್ತಿರಕ್ಕೆ" ಎಂದರು.

"ನನಗೆ ಗಂಡನ ಮನೆ ಗೊತ್ತಿಲ್ಲವಲ್ಲ ಅಕ್ಕ."

"ನನಗೆ ಗೊತ್ತಿತ್ತು, ಏನು ಬಂತು? ಅವನೂ ಹೀಗೇ ಒಂದಿನ ಹೋದ. ನಾನು ಬಾಗಿಲಲ್ಲಿ ನಿಂತು ದೊಡ್ಡ ಮಾತಾಡ್ದೆ, 'ಹೋಗು, ನಿನ್ನಂಥೋರು ಹತ್ತು ಜನ' ಅಂತ. ಒಬ್ಬನೂ ಬರಲಿಲ್ಲ ನೋಡು."

ಇಬ್ಬರೂ ನಕ್ಕೆವು. ಚಾದರ ಕೆಳಗೆ ಬಿತ್ತು. ಮತ್ತೆ ಒಗೆಯಲು ಹಾಕಬೇಕಾಯಿತು.

"ಆಮೇಲೆ ಏನು ಮಾಡಿದ್ರಿ?"

"ಆಮೇಲೇನು, ಪಾತ್ರೆ ಬಿದ್ದಿತ್ತು, ತೊಳ್ದೆ."

ಸಭಿಕರೇ, ನನ್ನ ಉಪನ್ಯಾಸಕ್ಕಿಂತ ಇದು ಚಿಕ್ಕದು. ಉತ್ತಮವೋ ಅಲ್ಲವೋ ಎಂಬುದನ್ನು ಅಧ್ಯಕ್ಷರು ತೀರ್ಮಾನಿಸಲಿ.

ಏಪ್ರಿಲ್ ೯, ಬುಧವಾರ

ವಿಶೇಷವೇನಿಲ್ಲ. ರಾಶಿ ಬೇಗ ಕರಗುತ್ತಿದೆ. ಪಾತ್ರೆ ಅಕ್ಕ ಕುಳ್ಳಗಿರುವುದರಿಂದ ನಾನು ಸ್ವಲ್ಪ ಬಗ್ಗಬೇಕು. ಇಲ್ಲದಿದ್ದರೆ ಅವರ ಕಡೆ ನೆಲ ಸವರುತ್ತದೆ. ಬಗ್ಗುವುದು ಬೆನ್ನಿಗೆ ಮಾತ್ರ, ಸಭಿಕರು ಬೇರೆ ಅರ್ಥ ಮಾಡಬಾರದು.

ಅಮ್ಮ ಚಹಾ ಕೊಡುವಾಗ, "ಇದೇನೇ, ಲೋಟಾನ ಎಡಗೈಲಿ ತಗೊಳ್ತೀಯ?" ಎಂದಳು. ನಾನು ಗಮನಿಸಿರಲಿಲ್ಲ.

ಒಗೆದು ಹಾಕಿದ್ದ ನನ್ನ ಹಾಸಿಗೆಯ ಬಟ್ಟೆ ಒಣಗಿರಲಿಲ್ಲ. ಅಧ್ಯಕ್ಷರ ಹೊಟ್ಟೆಯಿಂದ ಆ ತಿಳಿನೀಲಿಯನ್ನು ತೆಗೆದು ಹಾಸಿದೆ. ನನ್ನದು ಒಂಟಿ ಮಂಚ. ಎರಡೂ ಕಡೆ ಜೋತುಬಿದ್ದು ನೆಲ ಗುಡಿಸುತ್ತದೆ. ಇರಲಿ, ಕಸ ಹೊಡೆಯುವ ಕೆಲಸ ಉಳಿಯಿತು.

ಏಪ್ರಿಲ್ ೧೭, ಗುರುವಾರ

ಸಮ್ಮೇಳನ ಆರಂಭವಾಯಿತು. ನಮ್ಮ ಮೇಜುಬಟ್ಟೆ ಸಾಲದೆ ಪಕ್ಕದೂರಿನ ಹೋಟೆಲಿನಿಂದಲೂ ಒಂದಷ್ಟು ತರಿಸಿದ್ದಾರೆ. ಎಲ್ಲ ನಮ್ಮ ಕೈಯಿಂದಲೇ ಹೋಯಿತು. ಬೆಳಿಗ್ಗೆ ಸಭಾಂಗಣದ ಬಾಗಿಲಲ್ಲಿ ನಿಂತು ನೋಡಿದೆ: ಬಿಳಿ ಬಟ್ಟೆ, ಈ ಬಾಗಿಲಿನಿಂದ ಆ ಬಾಗಿಲವರೆಗೆ, ನಡುವಿನ ಗೆರೆ ಮೇಜಿನ ನಡುವಿಗೇ ಕೂತಿದೆ, ದಾರ ಎಳೆದು ಹಾಕಿದಂತೆ. ವೈದ್ಯರೊಬ್ಬರು ಅದರ ಮೇಲೆ ಕಾಫಿ ಚೆಲ್ಲುವವರೆಗೆ ನನ್ನ ಜೀವನದಲ್ಲಿ ಕೊರತೆ ಏನೂ ಇರಲಿಲ್ಲ.

ಮ್ಯಾನೇಜರು ಹಾದುಹೋಗುತ್ತ, "ಕೌಂಟರಿಗೆ ಬೇರೆಯವರನ್ನ ನೋಡ್ತಿದ್ದೀನಿ" ಎಂದರು. ಅವರ ಭಾಷೆಯಲ್ಲಿ ಅದು ಪ್ರಶಸ್ತಿಪತ್ರ.

"ನಾವೂ ಒಂದು ಜೋಡಿ ಆದ್ವಲ್ಲ ತಾಯಿ" ಎಂದರು ಪಾತ್ರೆ ಅಕ್ಕ. "ಯಾರೂ ಅಕ್ಷತೆ ಹಾಕಲಿಲ್ಲ ಅಷ್ಟೇ."

ಏಪ್ರಿಲ್ ೨೧, ಸೋಮವಾರ

ಅಧ್ಯಕ್ಷರೇ, ಗಣ್ಯರೇ. ಇಂದು ಆ ತುದಿ ಬಂದಿದ್ದ.

ತರಿಸಿದ್ದ ಮೇಜುಬಟ್ಟೆಗಳನ್ನು ವಾಪಸ್ಸು ಒಯ್ಯಲು ಆ ಹೋಟೆಲಿನ ವ್ಯಾನು ಬಂತು, ವ್ಯಾನಿನಲ್ಲಿ ಅವನು. ಸ್ವಲ್ಪ ದಪ್ಪಗಾಗಿದ್ದಾನೆ. ನನಗೆ ಅನುಕೂಲವಾಗುವ ಹಾಗೆ ಸೊರಗಿರಬಹುದಿತ್ತು; ಅಷ್ಟು ಉಪಕಾರವನ್ನೂ ಮಾಡಲಿಲ್ಲ.

ಕೊನೆಯ ಕೆಲವು ಬಟ್ಟೆಗಳನ್ನು ಮಡಚುವುದು ಉಳಿದಿತ್ತು. ಪಾತ್ರೆ ಅಕ್ಕ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

"ಚೆನ್ನಾಗಿದ್ದೀಯಾ?" ಎಂದ.

"ಕೆಲಸ ಇದೆ" ಎಂದೆ.

"ಬಾ, ನಾನೇ ಹಿಡೀತೀನಿ. ಬೇಗ ಆಗುತ್ತೆ" ಎಂದು ಅವನೇ ಬಟ್ಟೆಯ ಆ ತುದಿಯನ್ನು ಎತ್ತಿಕೊಂಡ. ತನ್ನ ಕುರ್ಚಿಗೆ ವಾಪಸ್ಸು ಬಂದು ಕೂತವನ ಹಾಗೆ. ನಾನು ಬೇಡ ಎನ್ನಬಹುದಿತ್ತು. ಈ ತುದಿ ಹಿಡಿದೆ. ಹಿಂದೆ ಸರಿದು, ಬಟ್ಟೆಯನ್ನು ಬಿಗಿಮಾಡಿ, ಕೈ ತಂದೆವು.

ಬಟ್ಟೆ ತಿರುಚಿಕೊಂಡು ಹಗ್ಗವಾಯಿತು.

ಅವನು ಬಟ್ಟೆಯನ್ನು ನೋಡಿದ. ನನ್ನನ್ನು ನೋಡಿದ. "ಎಡಗೈ ಯಾಕೆ ತಂದೆ?"

"ನೀನ್ಯಾಕೆ ತಂದೆ?"

"ನಾನು ಯಾವಾಗ್ಲೂ ಎಡಗೈನೇ ಅಲ್ವಾ?"

"ನಾನೂ ಈಗ ಎಡಗೈನೇ."

ಪಾತ್ರೆ ಅಕ್ಕನ ಮೂಗಿನಿಂದ ಚಹಾ ಬಂತು.

"ಇನ್ನೊಂದ್ಸಲ ಮಾಡೋಣ" ಎಂದ. "ನೀನು ಮೊದಲಿನ ಹಾಗೆ ತಾ."

ನಾನು ಬೆರಳು ಬಿಟ್ಟೆ. ಬಟ್ಟೆಯ ಈ ತುದಿ ನೆಲಕ್ಕೆ ಬಿತ್ತು. ಅವನು ಆ ತುದಿಯನ್ನು ಹಿಡಿದುಕೊಂಡು ಒಬ್ಬನೇ ನಿಂತಿದ್ದ. ಅಷ್ಟು ದೊಡ್ಡ ಬಟ್ಟೆಯನ್ನು ಒಬ್ಬರೇ ಹಿಡಿದು ನಿಂತರೆ ಹೇಗೆ ಕಾಣುತ್ತದೆ ಎಂಬುದನ್ನು ಮೊದಲ ಸಲ ನೋಡಿದೆ.

"ಅಕ್ಕ, ಬನ್ನಿ" ಎಂದೆ. ಅವರು ಬಂದು ಅವನ ಕೈಯಿಂದ ಮೂಲೆಗಳನ್ನು ತೆಗೆದುಕೊಂಡರು. ನಾವು ಮಡಚಿದೆವು. ಸರಿಯಾಗಿ ಬಂತು. ರಾಶಿಯ ಮೇಲಿಟ್ಟು, "ಮುಂದಿನದು" ಎಂದೆ.

ಇಲ್ಲಿ ಚಪ್ಪಾಳೆ ಬರಬೇಕು. ಉಪನ್ಯಾಸಕಿ ಒಂದು ಪ್ರಾಸ ಹಾಕಿ ಕೂರಬೇಕು.

ಮನೆಗೆ ಬಂದು ತಿಳಿನೀಲಿ ಚಾದರದ ಆ ತುದಿಯನ್ನು ಅಮ್ಮನ ಕೈಗೆ ಕೊಟ್ಟು, ಬಲಗೈಯನ್ನು ಒಮ್ಮೆ ತಂದು ನೋಡಿದೆ, ಮೊದಲಿನ ಹಾಗೆ. ಕೈಗೆ ನೆನಪಿಲ್ಲ. ನನಗಿಂತ ಮೊದಲು ಅದು ಬಿಟ್ಟುಬಿಟ್ಟಿದೆ. ಆಗ ಅತ್ತೆ. ಅಮ್ಮ ಚಾದರ ಹಿಡಿದುಕೊಂಡೇ ನಿಂತಿದ್ದಳು.

ಸಭೆಯೂ ಇಲ್ಲ, ಗಣ್ಯರೂ ಇಲ್ಲ. ಅಧ್ಯಕ್ಷರೂ ಇಲ್ಲ, ಅದು ಬಾಗಿಲು ಮುಚ್ಚದ ಕಪಾಟು.

ಅವನು ವರ್ಗದ ಸುದ್ದಿ ಹೇಳಿದ ಆ ಶನಿವಾರ ನಾನು ತಲೆ ಎತ್ತಿಕೊಂಡು ನಡೆಯಲಿಲ್ಲ. "ಮುಂದಿನದು" ಎನ್ನಲಿಲ್ಲ. ಅವನೇ ನನ್ನ ಹತ್ತಿರ ಬಂದು ತನ್ನ ಮೂಲೆಗಳನ್ನು ನನ್ನ ಕೈಗೆ ಕೊಡಲು ನೋಡಿದ. ನಾನು ತೆಗೆದುಕೊಳ್ಳಲಿಲ್ಲ. ಅವನ ಕೈ ಸೇರಿಸಿ ಹಿಡಿದುಕೊಂಡೆ. "ಹೋಗಬೇಡ" ಎಂದೆ, ಇಸ್ತ್ರಿಯವರಿಗೂ ಲಿಫ್ಟಿನವನಿಗೂ ಕೇಳುವಷ್ಟು ಜೋರಾಗಿ. ಮತ್ತೆ ಮತ್ತೆ ಎಂದೆ. ಸೋಮವಾರ ಎಲ್ಲರೂ ಮೆಟ್ಟಿಲಿಳಿದು ಬಂದದ್ದು ಅದಕ್ಕೇ. ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಬೆರಳಿಗೆ ಕೊರಳು, ನೆರಳು, ಮರಳು ಎಂದು ಪ್ರಾಸ ಬೇಕಾದಷ್ಟಿವೆ. ಒಂದೂ ಬೇಡ.

ಇವತ್ತು ಯಾರೂ ಬಿಡಿಸಲಿಲ್ಲ. ನಾನೇ ಬಿಟ್ಟೆ.